ಸೋಸಿದ ಬಟ್ಟೆ

ನೀರು ಪರೀಕ್ಷಿಸುವ ಯಂತ್ರ ನೀರ್ಗಣ್ಣು ಒಂದು ಕೊಡ ನೀರು ಕುಡಿದು ಹಸಿರು ದೀಪ ಹೊತ್ತಿಸಿತು. "ನೀಲಕೊಪ್ಪದ ಬಾವಿಯಲ್ಲಿ ಸೀಸದ ವಿಷವಿಲ್ಲ!" ಎಂದು ಕೂಗಿ ಹೇಳಿದ ಡಾ. ವಸುಂಧರಾ ಹಂಪಿಹೊಳಿಯವರ ಮನಸ್ಸು ಹಗುರಾಯಿತು. ನಾಳೆ ಬೆಳಿಗ್ಗೆ ಬಾವಿಯ ಬೀಗ ತೆಗೆದರೆ ಇಡೀ ಊರು ಕುಡಿಯುವ ನೀರು ಅದು.

ಊರ ಪಕ್ಕದ ಬಣ್ಣದ ಕಾರ್ಖಾನೆ ಮುಚ್ಚಿ ಕಾಲವಾಗಿದ್ದರೂ ಅದು ಬಿಟ್ಟುಹೋದ ಸೀಸ ಮಣ್ಣಿನಲ್ಲೇ ಇತ್ತು. ಅದನ್ನು ಕಟ್ಟಿಹಾಕಲೆಂದೇ ವಸುಂಧರಾ ಅಂಟುಕಣಗಳನ್ನು ತಯಾರಿಸಿ ನೆಲಕ್ಕೆ ಸೇರಿಸಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಜೇಡಿಮಣ್ಣಿನ ಚೂರುಗಳವು. ಸೀಸವನ್ನು ಒಮ್ಮೆ ತಬ್ಬಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ನೀರ್ಗಣ್ಣೂ ಅವರದೇ ಕೂಸು. ಅದರ ಗಾಜು ಬಲು ನಾಜೂಕು, ಕೆಸರು ತಾಗಿದರೆ ಕೆಟ್ಟೇ ಹೋಗುತ್ತದೆ. ಹಾಗಾಗಿ ನೀರನ್ನು ಮೊದಲು ನವಿರಾದ ಬಟ್ಟೆಯಲ್ಲಿ ಸೋಸಿ ಒಳಗೆ ಬಿಡುವುದು ಜಲಮಂಡಳಿಯ ಪದ್ಧತಿ.

ಸೋಸಿದ ಬಟ್ಟೆಯನ್ನು ಬುಟ್ಟಿಗೆ ಎಸೆಯುವಷ್ಟರಲ್ಲಿ ಪಕ್ಕದ ಖಾನಾವಳಿಯ ನಿಂಬೆವ್ವ ಕೈಚಾಚಿದಳು.

"ಏನ್ರೀ ಬಾಯಾರ, ಇಂಥಾ ಚಲೋ ಬಟ್ಟಿ ಒಗೀತೀರೇನು? ಇತ್ತ ಕೊಡ್ರಿ. ನಾಳೆ ಶ್ರೀಖಂಡಕ್ಕ ಮಸರು ಕಟ್ಟಾಕ ಬರ್ತೈತಿ."

"ಬ್ಯಾಡ, ಮುಟ್ಟಬ್ಯಾಡ್ರಿ! ಅದರಾಗ ವಿಷ ಇರಬಹುದು!"

"ವಿಷಾನ? ನೀರು ಚಲೋ ಐತಿ ಅಂತ ಈಗ ನೀವ ಹೇಳಿದ್ರಲ್ರೀ!"

ವಸುಂಧರಾ ಬಟ್ಟೆಯನ್ನು ಬೆಳಕಿಗೆ ಹಿಡಿದರು. ತಮ್ಮ ಬಾಯಿಂದ ಈ ಮಾತು ಬಂದದ್ದಾದರೂ ಹೇಗೆ? ವಿಷ ಈ ಬಟ್ಟೆಯಲ್ಲೇ ಉಳಿದಿದ್ದರೆ ನೀರ್ಗಣ್ಣು ಅದನ್ನು ಕಂಡೇ ಇಲ್ಲ. ಕೂಡಲೇ ಮಂಡಳಿಯ ನಿರ್ದೇಶಕ ಇನಾಂದಾರರಿಗೆ ಫೋನು ಹಚ್ಚಿದರು.

"ಸರ್, ಸೋಸದ ನೀರನ್ನು ಪರೀಕ್ಷಿಸಬೇಕು."

"ಪದ್ಧತಿಯಲ್ಲಿ ಅದಿಲ್ಲ ಮೇಡಂ. ದೀಪ ಹಸಿರಾಗಿದೆ, ಸಾಕು. ಸುಮ್ಮನೆ ಯಂತ್ರ ಹಾಳುಮಾಡಬೇಡಿ."

"ನೀಲಕೊಪ್ಪದವರು ಗಂಟಲಿಗೆ ಬಟ್ಟೆ ಕಟ್ಟಿಕೊಂಡು ನೀರು ಕುಡಿಯುವುದಿಲ್ಲ ಸರ್!"

ಫೋನು ಇಟ್ಟವರೇ ಹೊಸ ಬಟ್ಟೆಯನ್ನು ಪಕ್ಕಕ್ಕೆಸೆದು, ಬಾವಿಯ ನೀರನ್ನು ಹಾಗೆಯೇ ಸುರಿದರು. ದೀಪ ಕೆಂಪಾಯಿತು. ಆಮೇಲೆ ಚಿಟ್ಟೆಂದು ಸದ್ದಾಗಿ ಗಾಜು ಮಬ್ಬಾಯಿತು. ದೀಪ ಕೆಂಪಗೇ ಉಳಿಯಿತು.

ಅಂಟುಕಣ ಸೀಸವನ್ನು ಬಿಟ್ಟಿರಲಿಲ್ಲ, ನಿಜ. ಆದರೆ ತಾನೂ ನಿಂತಲ್ಲಿ ನಿಲ್ಲದೆ, ಮಳೆನೀರಿನ ಜೊತೆ ಮಣ್ಣಿನ ಸಂದಿಗೊಂದಿಯಲ್ಲಿ ನುಸುಳಿ ಬಾವಿಗೇ ಬಂದಿತ್ತು. ಮಣ್ಣಿಗಂಟಿಕೊಂಡು ತನ್ನ ಪಾಡಿಗೆ ಬಿದ್ದಿದ್ದ ಸೀಸಕ್ಕೆ ಕಾಲು ಕೊಟ್ಟವಳು ತಾನೇ! ಆದರೂ ವಸುಂಧರಾ ದೀಪವನ್ನು ಆರಿಸಲಿಲ್ಲ.

ಬೆಳಿಗ್ಗೆ ಇನಾಂದಾರರು ಬಾವಿಯ ಉದ್ಘಾಟನೆಗೆಂದು ಹೂಮಾಲೆಗಳ ಸಮೇತ ಬಂದರು. ಕೆಂಪು ದೀಪ ಕಂಡು ಕೆಂಡಾಮಂಡಲವಾದರು. ನೀರನ್ನು ಎರಡು ಸಲ ಸೋಸಿ ಹಾಕಿಸಿದರು. ಕೆಂಪು. ತಮ್ಮ ಕಾರಿನಲ್ಲಿದ್ದ ಬಾಟಲಿ ನೀರನ್ನೇ ಸುರಿದರು. ಅದಕ್ಕೂ ಕೆಂಪು! ಮಬ್ಬುಗಣ್ಣಿನ ಯಂತ್ರಕ್ಕೆ ಇನ್ನು ಬೇರೆ ಬಣ್ಣವೇ ಗೊತ್ತಿರಲಿಲ್ಲ.

"ಇದು ಕೆಟ್ಟುಹೋಗಿದೆ! ಬೀಗ ತೆಗೆಯಿರಿ!"

"ದೀಪ ಕೆಂಪಗಿದ್ದರೆ ಬೀಗ ತೆಗೆಯುವ ಹಾಗಿಲ್ಲ. ಅದೇ ಪದ್ಧತಿ ಸರ್," ಎಂದರು ವಸುಂಧರಾ. ಬೀಗದ ಕೈ ಅವರ ಮುಷ್ಟಿಯಲ್ಲಿತ್ತು. "ನನ್ನನ್ನು ಕೆಲಸದಿಂದ ತೆಗೆಯಿರಿ. ಇದನ್ನು ಮಾತ್ರ ಕೊಡಲಾರೆ."

ಹಳೇ ಸೀರೆಯ ತುಂಡಿನಲ್ಲೇ ಮೊಸರು ಕಟ್ಟಿ ಶ್ರೀಖಂಡ ಮಾಡಿದ್ದ ನಿಂಬೆವ್ವ, ಮೊದಲ ಬಟ್ಟಲನ್ನು ವಸುಂಧರಾ ಕೈಗಿಟ್ಟಳು. ಇನಾಂದಾರರು ಬಟ್ಟಲನ್ನೇ ನೋಡುತ್ತಿದ್ದರು.

"ನಿಮಗೂ ಐತ್ರಿ ಸಾಹೇಬರ," ಎಂದು ಅವಳು ನಿನ್ನೆ ಬಾವಿಯಿಂದ ಸೇದಿಟ್ಟಿದ್ದ ಕೊಡದಿಂದ ಒಂದು ಲೋಟ ತುಂಬಿಸಿ ಅವರ ಮುಂದೆ ಇಟ್ಟಳು. "ಮೊದಲ ಈ ಬಾವಿ ನೀರು ಕುಡೀರಿ. ಸೋಸಿಲ್ಲ ಮತ್ತ."

ಇನಾಂದಾರರು ಲೋಟ ಮುಟ್ಟಲಿಲ್ಲ.