ಅತ್ಬುಡು, ಇಂದ್ರಿ!

"ಥೂ!"

ಬಾಯಲ್ಲಿದ್ದುದನ್ನು ಇಂದ್ರಾಣಿ ಅಂಗೈಗೆ ಉಗಿದುಕೊಂಡಳು.

ನೋಡಲು ಹಲಸಿನ ಹಣ್ಣಿನಂತೆಯೇ ಇತ್ತು. ಮೈತುಂಬ ಮುಳ್ಳು, ಒಳಗೆ ಹಳದಿ ತೊಳೆ. ಬ್ಯಾಂಕಾಕಿನ ಸಂತೆಬೀದಿಯಲ್ಲಿ ಅದನ್ನು ಕಂಡಾಗ ಊರಿನ ನೆಂಟರೇ ಸಿಕ್ಕಷ್ಟು ಖುಷಿಯಾಗಿ, ಕೊಂಡು ಬಾಯಿಗೆ ಹಾಕಿಕೊಂಡಿದ್ದಳು. ಅಯ್ಯಪ್ಪಾ! ಕೊಳೆತ ಈರುಳ್ಳಿಗೆ ಸಕ್ಕರೆ ಕಲಸಿ ಕೊಟ್ಟ ಹಾಗಿತ್ತು.

ಡುರಿಯನ್ ಅಂತ ಅದರ ಹೆಸರು. ಆ ಊರಿನವರು ಬಾಯಿ ಚಪ್ಪರಿಸಿ ತಿನ್ನುತ್ತಾರೆ. ತಿನ್ನಲಿ ಬಿಡಿ! ನಮ್ಮ ಹುಡುಗಿಗೆ ಮಾತ್ರ ಹೊಟ್ಟೆಯೊಳಗಿದ್ದದ್ದೆಲ್ಲ ಗಂಟಲಿಗೆ ಬಂತು. ಮಾರುತ್ತಿದ್ದ ಹೆಂಗಸು ನಕ್ಕು, ತನ್ನದೇ ನೀರಿನ ಬಾಟಲಿ ಕೊಟ್ಟಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪಲ್ಲವಿಯ ವಿಡಿಯೋ ಕಾಲ್. ನಂಜನಗೂಡಿನ ಆಸ್ಪತ್ರೆಯಲ್ಲಿ ಇಂದ್ರಾಣಿಯ ಜೊತೆ ನರ್ಸ್ ಆಗಿದ್ದ ಗೆಳತಿ.

ಎತ್ತಿದಳು. ಪರದೆಯ ಮೇಲೆ ಪಲ್ಲವಿ ಇರಲಿಲ್ಲ. ಖಾಕಿ ಅಂಗಿ, ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣು...

ಮದನ್!

"ಯಾಕಮ್ಮಿ, ವಾಂತಿ ಬತ್ತಾ ಅದಾ?"

"ನಿನ್ನ ಮುಖ ನೋಡಿದ ಮೇಲೆ ಬರ್ದೆ ಇರುತ್ತಾ? ಥೂ, ಹೇಸಿಗೆ!"

ಕಟ್ ಮಾಡಿದಳು. ಎದೆ ಡವಡವ ಅನ್ನುತ್ತಿತ್ತು. ಕೋಪಕ್ಕೇ ಅಂತ ತನಗೆ ತಾನೇ ಹೇಳಿಕೊಂಡಳು. ಸುಳ್ಳು!

ಅವಳು ಜಪಾನಿಗೆ ಹೊರಟಿದ್ದಳು. ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಮೂರು ವರ್ಷದ ಕೆಲಸ. ಬೆಂಗಳೂರಿನಿಂದ ಬಂದ ವಿಮಾನ ಬೆಳಿಗ್ಗೆಯೇ ಬ್ಯಾಂಕಾಕಿನಲ್ಲಿ ಇಳಿಸಿತ್ತು. ಟೋಕಿಯೋ ವಿಮಾನ ರಾತ್ರಿಗೆ. ನಿಲ್ದಾಣದ ಕುರ್ಚಿಯಲ್ಲಿ ಕೂತರೆ ಅವನದೇ ಯೋಚನೆ. ಊರನ್ನಾದರೂ ನೋಡೋಣ ಅಂತ ಒಬ್ಬಳೇ ರೈಲು ಹಿಡಿದು ಇಲ್ಲಿಗೆ ಬಂದಿದ್ದಳು.

ನೋಡಿದ್ದೇನು? ಎಲ್ಲವೂ ಅಸಹ್ಯ! ಕಾಲುವೆಯ ಕಪ್ಪು ನೀರು ಅಸಹ್ಯ. ಒಣಮೀನಿನ ವಾಸನೆ ಅಸಹ್ಯ. ಬೆನ್ನಿಗೆ ಅಂಟಿದ ತನ್ನದೇ ಬೆವರು ಅಸಹ್ಯ. ಮುಂದಿನ ಅಂಗಡಿಯ ತಟ್ಟೆಯಲ್ಲಿ ಕರಿದು ಗುಡ್ಡೆ ಹಾಕಿದ್ದೇನೆಂದು ಬಗ್ಗಿ ನೋಡಿದರೆ... ರೇಷ್ಮೆಹುಳ! ನರಸೀಪುರದ ಮನೆಯಲ್ಲಿ ಅಪ್ಪ ರಾಚಯ್ಯ ಹಿಪ್ಪುನೇರಳೆ ಸೊಪ್ಪು ಹಾಕಿ ಮಕ್ಕಳಂತೆ ಸಾಕುವ ಹುಳ. ಇಲ್ಲಿ ಉಪ್ಪು ಉದುರಿಸಿಕೊಂಡು ಕುರುಕುರು ತಿನ್ನುತ್ತಿದ್ದಾರೆ!

'ಶಿವನೇ, ನಾನು ಯಾವ ಲೋಕಕ್ಕೆ ಬಂದುಬಿಟ್ಟೆ?'

ಆದರೂ ಒಂದು ಮಾತು ಹೇಳಬೇಕು. ವಾರ್ಡಿನಲ್ಲಿ ಯಾರ ಉಚ್ಚೆ, ಯಾರ ಕೀವು ಕಂಡರೂ ಒಮ್ಮೆಯೂ ಮೂಗು ಮುಚ್ಚದವಳು ಇವಳು. ಇವತ್ತು ಮಾತ್ರ ಗಾಳಿಯೂ ಹೇಸಿಗೆ. ಕಾರಣ ಈ ಊರಲ್ಲ. ಕಾರಣ, ಆ ಖಾಕಿ ಅಂಗಿಯವನು ಆಡಿದ ಒಂದೇ ಒಂದು ಮಾತು.

ಮದನ್ ಕಳಲೆ ಊರಿನವನು. ನಂಜನಗೂಡು–ನರಸೀಪುರ ಬಸ್ಸಿನ ಕಂಡಕ್ಟರ್. ದಿನಾ ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬರುತ್ತಿದ್ದವಳು ಅವನ ಕೂಗಿಗೇ ಮೊದಲು ನಕ್ಕದ್ದು. "ಅತ್ತಿ ಅತ್ತಿ, ಬೇಗ ಅತ್ತಿ! ಸುತ್ತೂರು, ನರಸೀಪುರ!" ಬಾಯಲ್ಲಿ 'ಹ' ಅನ್ನುವ ಅಕ್ಷರವೇ ಇಲ್ಲ. ನಗು ಮಾತಾಯಿತು, ಮಾತು ಪ್ರೀತಿಯಾಯಿತು.

ಹಿಂದಿನ ದಿನ ಹೊರಡುವಾಗ ನಂಜನಗೂಡಿನ ಬಸ್ ನಿಲ್ದಾಣಕ್ಕೆ ಅವನೂ ಬಂದಿದ್ದ. ಮೈಸೂರು ಬಸ್ಸು ಗುರ್ರ್ ಅನ್ನುತ್ತಾ ನಿಂತಿತ್ತು. 'ಕಾಯ್ತೀನಿ' ಅಂತ ಒಂದು ಮಾತು ಅವನ ಬಾಯಿಂದ ಬಂದರೆ ಸಾಕಿತ್ತು ಅವಳಿಗೆ. "ನಾನೇನ್ ಮಾಡ್ಲಿ, ಹೇಳೋ..." ಅಂದಿದ್ದಳು.

ಅವನು ಅವಳ ಕೈ ಹಿಡಿದು ಮೆಲ್ಲಗೆ ಅಂದಿದ್ದ. "ಅತ್ಬುಡು, ಇಂದ್ರಿ... ಅತ್ಬುಡು."

ಹತ್ತಿಬಿಡು! ಮೂಟೆ ಹೊತ್ತು ಬಂದ ಪ್ಯಾಸೆಂಜರಿಗೆ ಹೇಳುವ ಹಾಗೆ!

ಕೈ ಕೊಡವಿ ಬಸ್ಸು ಹತ್ತಿದವಳು ತಿರುಗಿಯೂ ನೋಡಲಿಲ್ಲ. ಸುಜಾತಪುರ ದಾಟುವ ಮುಂಚೆ ಅವನ ನಂಬರ್ ಬ್ಲಾಕ್ ಮಾಡಿದ್ದಳು.

ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಪಲ್ಲವಿಯೇ. "ಲೇ ಇಂದ್ರಾಣಿ, ಇವನು ಬೆಳಿಗ್ಗೆಯಿಂದ ಆಸ್ಪತ್ರೆ ಗೇಟಲ್ಲಿ ನಿಂತು ನನ್ನ ಪ್ರಾಣ ತಿಂತಾ ಇದಾನೆ ಕಣೇ. ಬಯ್ಯೋದಾದ್ರೂ ಪೂರ್ತಿ ಬಯ್ದುಬಿಡು, ನನಗೆ ಡ್ಯೂಟಿ ಇದೆ!"

ಮತ್ತೆ ಆ ಖಾಕಿ ಅಂಗಿ.

"ನಾನೇನ್ ತಪ್ ಮಾಡ್ದೆ? ಅದೊಂದ್ ಏಳ್ಬುಡು."

"ಏನ್ ಮಾಡ್ದೆಯಾ? ತೊಲಗಿದ್ರೆ ಸಾಕು ಅಂತ ಬಸ್ ಹತ್ತಿಸಿ ಕಳಿಸ್ದೆಯಲ್ಲೋ! ಕೈ ಬೇರೆ ಹಿಡ್ಕೊಂಡು! ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯುತ್ತೆ."

"ನಾನ್ ಅತ್ತಿಸ್ದೆನಾ? ನೀನೇ ಕೈ ಕೊಡವ್ಕಂಡು ಅತ್ತ್ದೆ!"

"ಅತ್ಬುಡು ಅತ್ಬುಡು ಅಂದಿದ್ದು ಯಾರು? ನಿನ್ನ ಅಜ್ಜಿ ಮುದ್ದಮ್ಮನಾ?"

ಮದನ್ ಹಣೆ ಚಚ್ಚಿಕೊಂಡ.

"ಅಯ್ಯೋ ನನ್ ಬಾಯಿಗ್ ಮಣ್ ಆಕ! ಬಸ್ ಅತ್ತು ಅಂದ್ನಾ ನಾನು? ಅಳು ಅಂದೆ ಕಣಮ್ಮಿ, ಅಳು! ಕಣ್ ತುಂಬ ನೀರ್ ತುಂಬ್ಕಂಡು ತುಟಿ ಕಚ್ಕಂಡ್ ನಿಂತಿದ್ದೆ. ತಡ್ಕಬ್ಯಾಡ, ಅತ್ತು ಅಗುರ ಮಾಡ್ಕೋ, ನಾನಿವ್ನಿ ಅಂತ... ಅತ್ಬುಡು ಅಂದೆ!"

ಇಂದ್ರಾಣಿ ಬೀದಿಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬಂದ ತಳ್ಳುಗಾಡಿಯವನು ಏನೋ ಕೂಗಿ ಪಕ್ಕಕ್ಕೆ ತಿರುಗಿಸಿಕೊಂಡು ಹೋದ.

"ಪುಣ್ಯಾತ್ಮ... ಹತ್ತೋದಕ್ಕೂ ಅತ್ತು, ಅಳೋದಕ್ಕೂ ಅತ್ತು! ಆ 'ಹ' ನಿನಗೇನ್ ಪಾಪ ಮಾಡಿತ್ತೋ?"

"ನಾನ್ ಅಳು ಅಂದ್ರೆ ನೀನ್ ಬಸ್ ಅತ್ತ್ಬುಟ್ಟೆ. ನಾನೇನ್ ಅನ್ಕಬೇಕು? ನನ್ ಮುಂದೆ ಅಳಕ್ಕೂ ಇವ್ಳಿಗೆ ಅಸಯ್ಯ, ಕಂಡಕ್ಟರ್ ಅಲ್ವಾ ಅನ್ಕಂಡೆ. ನೆನ್ನೆಯಿಂದ ಊಟ ಸೇರ್ತಿಲ್ಲ ಇಂದ್ರಿ..."

ಅವಳಿಗೆ ಮತ್ತೆ ಅಸಹ್ಯವಾಯಿತು. ಈಗ ಹಣ್ಣಿನ ಮೇಲಲ್ಲ, ಹುಳದ ಮೇಲಲ್ಲ, ತನ್ನ ಮೇಲೆ. ಇಷ್ಟು ವರ್ಷ ಅವನ ಮಾತು ಕೇಳಿದವಳು ಆ ಕೈ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲವಲ್ಲ!

ಕಣ್ಣು ತುಂಬಿತು. ತುಟಿ ಕಚ್ಚಿದಳು. ತಡೆಯಲಾಗಲಿಲ್ಲ. ಗೊತ್ತಿಲ್ಲದ ಊರಿನ ಸಂತೆಯಲ್ಲಿ, ಮೂಗು ಬಾಯಿ ಒಂದಾಗುವ ಹಾಗೆ ಗೊಳೋ ಅಂತ ಅತ್ತಳು. ಹಣ್ಣಿನ ಹೆಂಗಸು ಓಡಿಬಂದು ಒಂದು ಸ್ಟೂಲ್ ಹಾಕಿ ಕೂರಿಸಿದಳು.

ಅವಳ ಅಳು ಮುಗಿಯುವವರೆಗೂ ಮದನ್ ಪರದೆಯ ಆಚೆ ಕಾದ.

"ಮೂರು ವರ್ಷ ಕಣೋ..." ಬಿಕ್ಕುತ್ತಾ ಅಂದಳು.

"ಊಂ. ಕಾಯ್ತೀನಿ."

"ನಿನ್ನೆಯೇ ಹೇಳೋಕೇನಾಗಿತ್ತು?"

"ನೀನ್ ಅತ್ತ್ ಮುಗಿಸ್ದ ಮೇಲೆ ಏಳಣ ಅಂತಿದ್ದೆ. ನೀನೆಲ್ಲಿ ಬುಟ್ಟೆ?"

ಅಳುವಿನ ನಡುವೆ ನಗು ಬಂದು ಅವಳಿಗೆ ಕೆಮ್ಮು ಹತ್ತಿತು.

"ನನಗೆ ಹೇಳಿದ್ದು ಸಾಲದು. ನಮ್ಮಪ್ಪನಿಗೆ ಹೇಳು."

"ಏಳ್ತೀನಿ. ಬರೋ ವಾರ..."

"ಇವತ್ತು! ರಜ ಹಾಕು. ನಾನು ವಿಮಾನ ಹತ್ತೋದ್ರೊಳಗೆ ಅಪ್ಪನ ಬಾಯಿಂದ 'ಹೂಂ' ಅಂತ ಕೇಳ್ಬೇಕು."

ಮದನ್ ಕೆದರಿದ ಕೂದಲು ಸರಿಮಾಡಿಕೊಂಡ.

"ಇಂದ್ರಿ... ನಿಮ್ಮಪ್ಪ ಮುಖಕ್ಕೆ ಉಗುದ್ರೆ?"

ಇಂದ್ರಾಣಿ ದುಪಟ್ಟಾದಿಂದ ಮೂಗು ಒರೆಸಿಕೊಂಡಳು.

"ಒರೆಸ್ಕೊಂಡು ಇನ್ನೊಂದ್ ಸಲ ಕೇಳು."