ಹೆಬ್ಬೆಟ್ಟು ಒತ್ತಲ್ಲ!

"ಕೈ ಬಿಡ್ರೀ!"

ಶಿಡ್ಲಘಟ್ಟದ ಸೇವಾ ಕ್ಲಬ್ಬಿನ ಕಾರ್ಯದರ್ಶಿ ಚನ್ನಕೇಶವ ಮೇಷ್ಟ್ರು ಬೆಚ್ಚಿ ಕೈ ಬಿಟ್ಟರು. ಕ್ಲಬ್ಬು ಹೆಂಗಸರಿಗಾಗಿ ತೆರೆದ ಶಾಲೆಗೆ ಹೆಸರು ಬರೆಸಲು ಬಂದಿದ್ದ ಗಂಗುಲಮ್ಮನ ಹೆಬ್ಬೆಟ್ಟನ್ನು ಅವರು ಮೂರು ಸಲ ಪುಸ್ತಕಕ್ಕೆ ಒತ್ತಿದ್ದರು. ಮೂರು ಸಲವೂ ಬರೀ ಮಸಿಯ ಕಲೆ... ಒಂದು ಗೆರೆಯೂ ಮೂಡಿರಲಿಲ್ಲ!

"ಹತ್ತು ವರ್ಷದಿಂದ ಕುದಿಯೋ ನೀರಲ್ಲಿ ರೇಷ್ಮೆಗೂಡು ಬಿಚ್ಚಿರೋ ಕೈ ಇದು. ಗೆರೆ ಎಲ್ಲಾ ಸವೆದುಹೋಯ್ತು. ಹೆಬ್ಬೆಟ್ಟೂ ಇಲ್ದೋಳಿಗೆ ಅಕ್ಷರನಾದ್ರೂ ಬೇಡ್ವಾ ಮೇಷ್ಟ್ರೇ?"

ಮೇಷ್ಟ್ರು ನಗಲಿಲ್ಲ. ಮಸಿ ಡಬ್ಬಿ ಮುಚ್ಚಿಟ್ಟರು.

"ಇನ್ಮೇಲೆ ಒತ್ತಬೇಡಿ. ಬರೆಯೋದು ನಾನು ಕಲಿಸ್ತೀನಿ."

ಆ ಒಂದು ಮಾತಿಗೇ ಗಂಗುಲಮ್ಮ ಸೋತದ್ದು!

ಆರು ತಿಂಗಳು, ದಿನಾ ಮಧ್ಯಾಹ್ನ ಗೂಡು ಬೇಯಿಸುವ ಒಲೆ ಆರಿದ ಮೇಲೆ, ಹನ್ನೆರಡು ಹೆಂಗಸರು ಗೂಡಿನ ನಾತ ಹೊತ್ತುಕೊಂಡೇ ಬಂದು ಕೂತರು. ಮೇಷ್ಟ್ರು ಒಮ್ಮೆಯೂ ಮೂಗು ಮುಚ್ಚಲಿಲ್ಲ. ಗಂಗುಲಮ್ಮನ ಪಕ್ಕ ಮಾತ್ರ ತುಸು ಹೆಚ್ಚು ಹೊತ್ತೇ ನಿಲ್ಲುತ್ತಿದ್ದರು. ತನ್ನ ಹೆಸರು ಬರೆಯಲು ಬಂದ ದಿನ ಗಂಗುಲಮ್ಮ ಮನೆಯ ಗೋಡೆ, ಮಡಕೆ, ಕೊನೆಗೆ ಎಮ್ಮೆಯ ಬೆನ್ನ ಮೇಲೂ ಸೀಮೆಸುಣ್ಣದಲ್ಲಿ ಬರೆದಳು. ಹುಚ್ಚು ಹುಡುಗಿ!

ಗ್ರಹಚಾರ ವಕ್ಕರಿಸಿದ್ದು ಕ್ಲಬ್ಬಿನ ವಾರ್ಷಿಕೋತ್ಸವದ ಬೆಳಗ್ಗೆ.

"ಬೆಂಗಳೂರಿನ ಅತಿಥಿಗಳ ಮುಂದೆ ನೀವೆಲ್ಲ ಹೆಬ್ಬೆಟ್ಟು ಒತ್ತಿ ಸ್ಲೇಟು ತಗೋಬೇಕಂತೆ," ಮೇಷ್ಟ್ರು ತಲೆ ಎತ್ತದೆ ಹೇಳಿದರು. "ಇವತ್ತೇ ಶಾಲೆ ಶುರುವಾದ ಹಾಗೆ ಫೋಟೋ ಬೇಕಂತಾರೆ ಅಧ್ಯಕ್ಷರು. ಇಲ್ದಿದ್ರೆ ಶಾಲೆ ಮುಚ್ಚಿಸ್ತಾರಂತೆ. ಇದೊಂದು ದಿನ, ಗಂಗುಲಮ್ಮ..."

ಅವಳು ಕೂತಲ್ಲಿಂದ ಎದ್ದು ನಿಂತಳು. ಕಲಿಸಿದ ಬಾಯಲ್ಲೇ ಈ ಮಾತೇ? ಬರೀ ಫೋಟೋಗೆ ಬೇಕಿತ್ತೇ ನಾವು?

"ನಮ್ಮನ್ನೇನು ಕೋಲೆ ಬಸವ ಅಂದ್ಕೊಂಡ್ರಾ ಮೇಷ್ಟ್ರೇ, ಹೇಳಿದಾಗೆಲ್ಲ ತಲೆ ಆಡ್ಸೋಕೆ?"

ತುಂಬಿದ ಕಣ್ಣು ಒರೆಸಿಕೊಳ್ಳದೆ ಹೊರಟುಹೋದಳು.

ಸಂಜೆ ಬರಲಾರಳು ಅಂದುಕೊಂಡಿರಾ? ಬಂದಳು. ಎಲ್ಲರಿಗಿಂತ ಮೊದಲೇ ವೇದಿಕೆ ಹತ್ತಿದಳು!

ಅಧ್ಯಕ್ಷ ರಾಮಾಂಜಿನಪ್ಪನವರು ಮಸಿ ಡಬ್ಬಿ ಮುಂದೆ ತಳ್ಳಿದರು. "ಒತ್ತಮ್ಮ."

"ಒತ್ತಲ್ಲ."

ಅವರ ಪೆನ್ನನ್ನೇ ಎತ್ತಿಕೊಂಡು ಬರೆದಳು. ಗಂಗುಲಮ್ಮ. ಅಕ್ಷರಗಳು ಸೊಟ್ಟಗಿದ್ದವು, ಆದರೆ ಒಂದೂ ತಪ್ಪಿರಲಿಲ್ಲ.

"ಯಾರು ಹೇಳ್ಕೊಟ್ಟಿದ್ದು ಇದನ್ನ?" ರಾಮಾಂಜಿನಪ್ಪ ಗುಡುಗಿದರು.

"ನಾನೇ." ಮೇಷ್ಟ್ರು ಮುಂದೆ ಬಂದು ಅತಿಥಿಗಳತ್ತ ತಿರುಗಿದರು. "ಆರು ತಿಂಗಳಿಂದ ಬರೀತಿದ್ದಾರೆ ಸ್ವಾಮಿ. ಹೆದರಿಕೊಂಡು ಸುಳ್ಳಿಗೆ ಒಪ್ಪಿದೋನು ನಾನು. ಹೆಬ್ಬೆಟ್ಟು ಬೇಕಾದ್ರೆ ನಂದೇ ಇರಲಿ."

ಬಿ.ಎ. ಓದಿದ ಮೇಷ್ಟ್ರು ಅವಳ ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದರು!

"ಪೆನ್ನು ಇತ್ಲಾಗ್ ಕೊಡೇ, ನಾನೂ ಬರೀಬೇಕು," ಹಿಂದಿನಿಂದ ಮುದುಕಿ ಚಿಕ್ಕವೆಂಕಟಮ್ಮ ಕೂಗಿದಳು. ಸಭೆ ಘೊಳ್ಳೆಂದಿತು. ಹನ್ನೆರಡು ಸಹಿಗಳನ್ನೂ ನೋಡಿದ ಅತಿಥಿಗಳು, "ಇವರಿಗೆ ಸ್ಲೇಟು ಯಾಕ್ರೀ? ಓದೋ ಪುಸ್ತಕ ಕಳಿಸ್ತೀನಿ, ಶಾಲೆ ನಡೆಸಿ," ಅಂದರು. ರಾಮಾಂಜಿನಪ್ಪ ಹುಳ್ಳಗೆ ನಕ್ಕರು.

ಹೊರಗೆ ಹುಣಸೆಮರದ ಕೆಳಗೆ ಮೇಷ್ಟ್ರು ಕಾಯುತ್ತಿದ್ದರು. ಗಂಗುಲಮ್ಮ ಸೆರಗಿನಿಂದ ಅವರ ಬೆರಳಿನ ಮಸಿ ಒರೆಸಿದಳು.

"ಕೋಪ ಹೋಯ್ತಾ?"

"ಇನ್ನೂ ಒಂಚೂರು ಐತೆ."

ಅವರು ಮೆಲ್ಲಗೆ ಅವಳ ಕೈ ಹಿಡಿದರು. "ಈ ಸಲ ಒತ್ತೋಕಲ್ಲ... ಮದುವೆ ಆಗಣ ಅಂತ. ರಿಜಿಸ್ಟ್ರಾರ್ ಮುಂದೆ ಇಬ್ರೂ ಸಹಿ ಹಾಕಣ."

"ಜಾತಿ ಬೇರೆ. ಊರು ಸುಮ್ನಿರುತ್ತಾ?"

"ಇರಲ್ಲ. ಬಿಡ್ಲಾ ಕೈ?"

ಗಂಗುಲಮ್ಮ ಸವೆದ ಬೆರಳುಗಳಿಂದ ಬಿಗಿಯಾಗಿ ಹಿಡಿದಳು.

"ಬಿಟ್ಟೀರಾ... ಜೋಕೆ!"