ದೊರೆಯ ಮುಖಕ್ಕೆ ಕತ್ತರಿ

"ನಾಣ್ಯದ ಅಂಚನ್ನ ಏನಾದ್ರೂ ಮಾಡ್ಕೊಳ್ಳಿ ಸಾಹೇಬ್ರೇ, ಮುಖಕ್ಕೆ ಮಾತ್ರ ಕತ್ತರಿ ಹಾಕ್ಬೇಡಿ," ಎಂದಳು ಹೆಟ್ಟಿ ವೌಲ್ಸ್. "ಶಾಪದ ತಗಡು ಓದಿದ ಪಾದ್ರಿಗಳೇ ಬೆವತು ಹೋದ್ರು."

ಲಂಡನ್ನಿನಿಂದ ಬಂದ ನಾಣ್ಯತಜ್ಞ ಕ್ರಿಸ್ಪಿನ್ ಡೇವೆನಿಶ್ ನಕ್ಕ. ಜಂಬದ ಕೋಳಿ. ಟೀವಿಯಲ್ಲಿ ಹಳೇ ನಾಣ್ಯಗಳ ಕಾರ್ಯಕ್ರಮ ನಡೆಸುವ ಅವನಿಗೆ ತನ್ನ ಮುಖದ ಮೇಲಿದ್ದ ಮೋಹ ಹೆಂಡತಿಯ ಮೇಲೂ ಇರಲಿಲ್ಲ. ಸೋಮರ್ಸೆಟ್ ಸೀಮೆಯ ಅವಳ ಅಡುಗೆಮನೆಗೆ ಕಾಲಿಟ್ಟವನು ಮೊದಲು ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡು, ಆಮೇಲಷ್ಟೇ ಮನೆಯವಳ ಕಡೆ ನೋಡಿದ್ದ.

ಮೇಜಿನ ಮೇಲೆ ಅವಳ ಹೊಲದಲ್ಲಿ ಸಿಕ್ಕ ರೋಮನ್ನರ ಬೆಳ್ಳಿ ನಾಣ್ಯಗಳು. ಪಕ್ಕದಲ್ಲಿ, ಅವುಗಳ ಜೊತೆ ಶಾಪ ಕೆತ್ತಿ, ಮೊಳೆ ಹೊಡೆದು ಹೂತಿದ್ದ ಸೀಸದ ತಗಡು. ಒದ್ದೆ ನಾಯಿಯ ವಾಸನೆ, ಬೆಂದ ಕೋಸಿನ ವಾಸನೆ. ಅವೆರಡರ ಅಡಿಯಲ್ಲಿ ಹಾಳುಬಾವಿಯ ಕೆಸರಿನಂಥ ನಾತ. ಅದು ತಗಡಿನದು.

"ಇವನು ರೋಮಿನ ದೊರೆ ಅರ್ಕೇಡಿಯಸ್. ಇವನು ತಮ್ಮ, ಹೊನೋರಿಯಸ್. ಆಗಿನ ಜನ ಅಂಚಿನ ಬೆಳ್ಳಿ ಕತ್ತರಿಸಿ ಕದೀತಿದ್ರಮ್ಮಾ. ಆದ್ರೆ ದೊರೆ ಮುಖ ಮುಟ್ತಿರ್ಲಿಲ್ಲ, ಪುಕ್ಕಲರು!" ತಗಡನ್ನು ನಾಟಕದ ದನಿಯಲ್ಲಿ ಓದಿದ: "'ಈ ಮುಖ ಕತ್ತರಿಸಿದವನ ಮುಖ ಯಾರಿಗೂ ಗುರುತು ಸಿಗದಿರಲಿ.' ಅಯ್ಯೋ ಪಾಪ!"

ಕೊನೆಯ ನಾಣ್ಯದ ಅಂಚು ಮಾತ್ರ ಯಾರೂ ಕತ್ತರಿಸದೆ ಪೂರ್ತಿಯಾಗಿತ್ತು. ಒಳಗೆ ತಾಮ್ರ, ಮೇಲೆ ಬೆಳ್ಳಿ ಲೇಪ ಎಂದು ಅವನ ಅನುಮಾನ. ಅಂಚಿನಲ್ಲಿ ಒಂದು ಚೂರು ಕತ್ತರಿಸಿದ್ದರೆ ಸಾಕಿತ್ತು. ಸಾಕು ಎನ್ನುವುದು ಅವನ ಜಾಯಮಾನವಲ್ಲ. ಹೆಟ್ಟಿ ಚಹಾಕ್ಕೆಂದು ಒಲೆಯತ್ತ ತಿರುಗಿದಳು. ಅವನು ಕತ್ತರಿಯನ್ನು ದೊರೆಯ ಮೂಗಿನ ಮೇಲೇ ಇಟ್ಟು ಒತ್ತಿದ.

ಕಟಕ್.

ಒಳಗೂ ಅಪ್ಪಟ ಬೆಳ್ಳಿ. ಅವನ ಅನುಮಾನ ಸುಳ್ಳಾಗಿತ್ತು.

ನಾಯಿ ಗುರುಗುಟ್ಟಿತು. ದೀಪ ಮಂಕಾಯಿತು. ಫೋಟೊ ತೆಗೆಯಲು ಫೋನೆತ್ತಿದ. ಅವನ ಮುಖ ನೋಡಿ ತೆರೆದುಕೊಳ್ಳುವ ಫೋನು ತೆರೆಯಲಿಲ್ಲ. ಒರೆಸಿದ. ಮತ್ತೆ ಹಿಡಿದ. ಇಲ್ಲ. ಬೆವರು ಒರೆಸಲು ಕೈ ಹೋಯಿತು. ಕೈ ಜಾರಿತು. ಮೂಗು ಸಿಗಲಿಲ್ಲ.

ಹೆಟ್ಟಿ ತಿರುಗಿದಳು. ಬಟ್ಟಲು ಬಿದ್ದು ಒಡೆಯಿತು. "ಯಾರಯ್ಯಾ ನೀನು? ಸಾಹೇಬ್ರು ಎಲ್ಲಿ?"

"ನಾನೇ! ಕ್ರಿಸ್..." ಮಾತು ತುಟಿಯಲ್ಲೇ ಅಂಟಿತು. ಕನ್ನಡಿಗೆ ಓಡಿದ. ಹುಬ್ಬಿಲ್ಲ. ಕೆನ್ನೆಯಿಲ್ಲ. ಸಾವಿರ ಕೈ ಸವೆಸಿದ ನಾಣ್ಯದಂತೆ ನುಣ್ಣಗಿನ ಚರ್ಮ. ಅದರಲ್ಲಿ ಎರಡು ಕಣ್ಣು, ಹೆದರಿದ ಕಣ್ಣು. ಕೆಸರಿನ ನಾತ ಈಗ ಅವನ ಮೈಯಿಂದಲೇ ಬರುತ್ತಿತ್ತು.

ಹೆಟ್ಟಿ ಒಲೆಯ ಸಲಾಕೆ ಹಿಡಿದು ಮೇಜಿನ ಹಿಂದೆ ಸರಿದಳು. ಕತ್ತರಿಸಿದ ನಾಣ್ಯ ಅಲ್ಲಿ ಒಂದಾಗಿ ಕೂಡಿಕೊಂಡಿತ್ತು. ಅದನ್ನೆತ್ತಿ ಅವನ ಮುಂದೆ ಹಿಡಿದಳು.

"ಇದ್ಯಾರ ಮುಖ? ಇಂಥ ದೊರೆ ಇದ್ರಲ್ಲಿ ಇರ್ಲಿಲ್ವಲ್ಲ!"

ತೀಡಿದ ಕ್ರಾಪು. ಎತ್ತಿದ ಮೂಗು. ಜಂಬದ ಗದ್ದ.

ಕ್ರಿಸ್ಪಿನ್ ಡೇವೆನಿಶ್ ನೋಡಿದ ತಕ್ಷಣ ಗುರುತಿಸಿದ. ಹೇಳಲು ಅವನಿಗೆ ಬಾಯಿರಲಿಲ್ಲ.